ಗಿರಣಿ ಹಿಂದಿನ ಕಂಪ್ಯೂಟರ್

ನನ್ನ ಮೊಮ್ಮಗಳಿಗೆ ಕೆಲಸ ಸಿಕ್ಕಿತು! ನಿನ್ನೆ ಮಧ್ಯಾಹ್ನ ಫೋನಿಗೆ ಸುದ್ದಿ ಬಂತು. ಮನೆಯಲ್ಲೇ ಕಂಪ್ಯೂಟರಿನ ಮುಂದೆ ಕೂತು ಮಾಡುವ ಕೆಲಸ. ಪುಸ್ತಕಗಳು ಅಚ್ಚಿಗೆ ಹೋಗುವ ಮುಂಚೆ ಅವುಗಳ ಕನ್ನಡ ಓದಿ ತಪ್ಪು ತಿದ್ದುವುದು. ನಾನು ಓದಿದ್ದು ಮೂರನೇ ತರಗತಿ, ನಾನು ಬರೆದ ಈ ಸಾಲುಗಳಲ್ಲೇ ಅವಳು ಎಷ್ಟು ತಪ್ಪು ಹಿಡಿಯುತ್ತಾಳೋ ಗೊತ್ತಿಲ್ಲ. ಹಿಡಿಯಲಿ. ನಮ್ಮೂರು ಮಸ್ಕಿಯ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕೂಗಿ ಹೇಳಬೇಕು ಅನ್ನುವಷ್ಟು ಸಂತೋಷ ನನಗೆ.

ಆದರೆ ಖರೇ ಹೇಳಬೇಕೆಂದರೆ ಸಿಟ್ಟು ಇನ್ನೂ ಇಳಿದಿಲ್ಲ. ಹದಿನೈದು ದಿನ ಆ ಕಂಪ್ಯೂಟರ್ ನನ್ನ ತಲೆ ತಿಂದದ್ದು, ಸಿಂಧನೂರು ಲಿಂಗಸುಗೂರು ಅಂತ ಬಸ್ಸಿನಲ್ಲಿ ಕುಣಿಸಿದ್ದು, ಮರೆಯುವ ಮಾತಲ್ಲ.

ನಮ್ಮದು ಹಿಟ್ಟಿನ ಗಿರಣಿ. ಮುಂದೆ ಗಿರಣಿ, ಹಿಂದೆ ಮನೆ, ನಡುವೆ ಒಂದೇ ಗೋಡೆ. ಜೋಳ, ಸಜ್ಜೆ, ಗೋಧಿ ಬೀಸುವ ಮನೆಯಲ್ಲಿ ಹಿಟ್ಟು ಎಲ್ಲಿ ಇರುವುದಿಲ್ಲ ಹೇಳಿ. ದೇವರ ಫೋಟೋದ ಮೇಲೆ, ನನ್ನ ಹುಬ್ಬಿನ ಮೇಲೆ, ಮಡಿಚಿಟ್ಟ ಸೀರೆಯ ಒಳಗೆ. ಮೊಮ್ಮಗಳ ಡಿಗ್ರಿ ಮುಗಿದಾಗ ಮಗ ಕಂಪ್ಯೂಟರ್ ತಂದು ಆ ಗೋಡೆಯ ಬದಿಗೇ ಇಟ್ಟ. ಅದರ ಡಬ್ಬಿಯನ್ನು ತಿರುಗಿಸಿ ನೋಡಿದೆ. ಬೆನ್ನಿಗೆ ತೂತುಗಳು, ಒಳಗೆ ಸಣ್ಣ ಫ್ಯಾನು. ಹಿಟ್ಟು ಹೋಗಲಿಕ್ಕೆ ಇದೇ ದಾರಿ ಅಂದುಕೊಂಡೆ. ಗಿರಣಿಯಲ್ಲಿ ಹಿಟ್ಟು ಬೀಳುವ ಬಾಯಿಗೆ ಉದ್ದನೆಯ ಬಟ್ಟೆಯ ಚೀಲ ಕಟ್ಟಿರುತ್ತೇವೆ, ಹಿಟ್ಟು ಹಾರಬಾರದೆಂದು. ಹಳೆಯದೊಂದು ಚೀಲ ಮೊಳೆಗೆ ತೂಗುಬಿದ್ದಿತ್ತು. ಅದನ್ನೇ ಡಬ್ಬಿಯ ಬೆನ್ನಿಗೆ ಮುಚ್ಚಿ, ಸುತ್ತಲೂ ದಾರ ಬಿಗಿದು ಕಟ್ಟಿದೆ.

"ಇನ್ನ ಚಿಂತಿ ಇಲ್ಲವ್ವಾ. ಒಂದು ಚಿಟಿಕಿ ಹಿಟ್ಟೂ ಒಳಗ ಹೋಗಂಗಿಲ್ಲ" ಅಂದೆ.

"ತಾತಾ, ಇದಕ್ಕ ಧೋತ್ರ ಉಡಿಸಿಬಿಟ್ಟಿ ನೋಡು" ಅಂತ ಮೊಮ್ಮಗಳು ನಕ್ಕಳು. ನಾನೂ ನಕ್ಕೆ.

ಚಳಿಗಾಲ ಸುಮ್ಮನೆ ಕಳೆಯಿತು. ಶಿವರಾತ್ರಿ ಮುಗಿದು ಬಿಸಿಲು ಏರಿದ ಮೇಲೆ ಶುರುವಾಯಿತು ಈ ಕಾಟ. ಅವಳು ಕೆಲಸ ಮಾಡುತ್ತಿರುವಾಗಲೇ ಕಂಪ್ಯೂಟರ್ ಟಕ್ ಅಂತ ಆರುವುದು, ತಾನೇ ಮತ್ತೆ ಹೊತ್ತಿಕೊಳ್ಳುವುದು. ಅಷ್ಟರಲ್ಲಿ ಬರೆದದ್ದೆಲ್ಲ ಮಾಯ. ಈ ಕೆಲಸಕ್ಕೆ ಮೂರು ತಾಸಿನ ಪರೀಕ್ಷೆ, ಮನೆಯಿಂದಲೇ ಬರೆಯಬೇಕು, ನಡುವೆ ಎದ್ದು ಹೋಗುವಂತಿಲ್ಲ. ಮೊದಲ ಸಲ ಕೂತಾಗ ಒಂದು ತಾಸಿಗೇ ಆರಿತು. ಪರೀಕ್ಷೆ ಅಲ್ಲಿಗೆ ಖತಂ. ಅವಳು ಅಳಲಿಲ್ಲ, ಕೈ ಮಡಿಲಲ್ಲಿ ಇಟ್ಟುಕೊಂಡು ಕರ್ರಗಾದ ಪರದೆ ನೋಡುತ್ತ ಕೂತಳು. ಆಮೇಲೆ ಕೆಲಸ ಕೊಡುವ ಕಂಪನಿಯವರು ಇನ್ನೊಂದು ಸಲ ಕೂರಲು ಬಿಡುತ್ತೇವೆ, ಅದೇ ಕೊನೆ ಅಂತ ತಿಳಿಸಿದರು. ಹದಿನೈದು ದಿನ ಟೈಮು.

"ಗಿರಣಿ ಮೋಟರ್ ಚಾಲೂ ಆದಾಗ ಲೈಟ್ ಸಣ್ಣಗಾಗ್ತಾವಪ್ಪ. ಅದಕ್ಕ ಆರಾಕತ್ತೈತಿ" ಅಂದ ಮಗ.

ಗಿರಣಿ ನಿಲ್ಲಿಸಿದೆ. ಎರಡು ದಿನ ನಿಲ್ಲಿಸಿದೆ! ಪಾಮನಕಲ್ಲೂರಿನಿಂದ ಜೋಳದ ಗಂಟು ತಂದ ಹೆಣ್ಣುಮಕ್ಕಳು ಬಾಗಿಲಲ್ಲಿ ನಿಂತು, "ಬೀಸಾಕ ಆಗಂಗಿಲ್ಲ ಅಂದ್ರ ಬೋರ್ಡ್ ತಗದುಬಿಡ್ರಿ ಯಜಮಾನ್ರ" ಅಂತ ಬೈದು ಹೋದರು. ಗಿರಣಿ ನಿಂತರೂ ಕಂಪ್ಯೂಟರ್ ಆರುವುದು ನಿಲ್ಲಲಿಲ್ಲ. ಮಗನನ್ನು ಹಿಡಿದು ಬೈದೆ. ಅವನು ಹೊಲದ ಕಡೆ ಹೋಗಿಬಿಟ್ಟ.

ಡಬ್ಬಿಯನ್ನು ಸಂತೆಚೀಲದಲ್ಲಿ ಹಾಕಿಕೊಂಡು ಸಿಂಧನೂರಿಗೆ ಹೋದೆ. ಹೋಗುವಾಗ ಅದರ ಬೆನ್ನಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಮಡಿಚಿ ಮನೆಯಲ್ಲೇ ಇಟ್ಟೆ. ಮಾಸಿದ ಬಟ್ಟೆ ಸಮೇತ ಅಂಗಡಿಗೆ ಒಯ್ದರೆ ನಾಚಿಕೆಯಲ್ಲವೇ. ಅಂಗಡಿಯವನು ಕಣ್ಣು ಎತ್ತದೆ, "ಬಿಟ್ಟು ಹೋಗ್ರಿ" ಅಂದ. ನಾನು ಬಿಡಲಿಲ್ಲ, ಕುರ್ಚಿ ಎಳೆದುಕೊಂಡು ಕೂತೆ. ಸಂಜೆವರೆಗೆ ಅದು ಒಂದು ಸಲವೂ ಆರಲಿಲ್ಲ.

"ಏನೂ ಆಗಿಲ್ರಿ ಇದಕ್ಕ. ಹುಡುಗರು ಏನೇನೋ ಒತ್ತಿರ್ತಾರ. ವಿಂಡೋಸ್ ಹೊಸದಾಗಿ ಹಾಕೀನಿ, ತಗೊಂಡು ಹೋಗ್ರಿ."

ಮನೆಗೆ ತಂದು, ಬಟ್ಟೆ ಕಟ್ಟಿ, ಚಾಲೂ ಮಾಡಿದೆವು. ಮರುದಿನ ಮಧ್ಯಾಹ್ನಕ್ಕೆ ಟಕ್.

ಲಿಂಗಸುಗೂರಿಗೆ ಒಯ್ದೆ. ಮತ್ತೆ ಬಟ್ಟೆ ಬಿಚ್ಚಿ ಮಡಿಚಿಟ್ಟು ಹೋದೆ. ಅಲ್ಲಿಯವನು ಕರೆಂಟು ಹಂಚುವ ಒಳಗಿನ ಪೆಟ್ಟಿಗೆಯನ್ನೇ ಬದಲಿಸಿದ. ಅಲ್ಲಿಯೂ ಅರ್ಧ ದಿನ ಗಟ್ಟಿಯಾಗಿ ನಡೆಯಿತು. ಮನೆಗೆ ಬಂದು, ಬಟ್ಟೆ ಕಟ್ಟಿ, ಕೂತರೆ ಟಕ್. ಅಂಗಡಿಯಲ್ಲಿ ಶಾಣ್ಯಾ ಮಗುವಿನ ಹಾಗೆ ಇರುವುದು, ಮನೆಗೆ ಬಂದ ಕೂಡಲೇ ಹಟ ಮಾಡುವುದು. ಬೇಕೆಂದೇ ಮಾಡುತ್ತಿದೆ ಅನ್ನಿಸುತ್ತಿತ್ತು ನನಗೆ.

ಮತ್ತೆ ಸಿಂಧನೂರಿಗೆ ಹೋಗಿ ಜಗಳ ತೆಗೆದೆ. ಅಂಗಡಿಯ ತುಂಬ ಮಂದಿ.

"ಇಲ್ಲಿ ನಡೀತೈತಿ, ನಿಮ್ಮನ್ಯಾಗ ನಡ್ಯಂಗಿಲ್ಲ ಅಂದ್ರ ನಾ ಏನ್ ಮಾಡ್ಲಿರಿ? ನಿಮ್ಮನಿಗೆ ದೆವ್ವ ಗಿವ್ವ ಹೊಕ್ಕೈತೇನು ನೋಡ್ರಿ" ಅಂತ ಅವನು ನಕ್ಕ. ಉಳಿದವರೂ ನಕ್ಕರು.

"ದೆವ್ವ ನಿನ್ನ ತಲ್ಯಾಗ ಹೊಕ್ಕೈತಿ! ನನ್ನ ಮೊಮ್ಮಗಳದ್ದು ಗುರುವಾರ ಪರೀಕ್ಷೆ ಐತಿ. ಅದು ಹೋತಂದ್ರ ಮತ್ತ ಕೂಡ್ಸಂಗಿಲ್ಲ. ನಿನಗ ನಗು ಬರ್ತೈತೇನು?" ಅಂತ ನಾನು ಮೇಜು ಗುದ್ದಿದೆ. ಡಬ್ಬಿಯನ್ನು ಎತ್ತಿಕೊಂಡು ಬಂದುಬಿಟ್ಟೆ. ಬಸ್ಸಿನಲ್ಲಿ ಇಳಿಯುವವರೆಗೂ ಅದನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದೆ.

ಬುಧವಾರ ಮಧ್ಯಾಹ್ನ ಮೊಮ್ಮಗಳು ಕೊನೆಯ ಸಲ ಅಭ್ಯಾಸಕ್ಕೆ ಕೂತಿದ್ದಳು. ನನ್ನ ಹೆಂಡತಿ ಅವಳಿಗೆ ಮಜ್ಜಿಗೆ ಕೊಡಲು ಬಂದವಳು, ಲೋಟ ಇಡಲು ಜಾಗ ಹುಡುಕುತ್ತ ಡಬ್ಬಿಯ ಹಿಂದೆ ಕೈ ಊರಿದಳು. ಊರಿದವಳೇ ಕೈ ಜಾಡಿಸಿದಳು.

"ಯವ್ವಾ! ಇದೇನ ಇದು, ರೊಟ್ಟಿ ಹಂಚಿನಂಗ ಸುಡಾಕತ್ತೈತಿ! ಯಾರ ಕಟ್ಟ್ಯಾರ ಇದಕ್ಕ ಈ ಬಟ್ಟಿ?"

ಮೊಮ್ಮಗಳು ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ.

ಮೊಮ್ಮಗಳೇ ಮೆಲ್ಲಗೆ ದಾರ ಬಿಚ್ಚಿದಳು. ಬಟ್ಟೆಯ ಒಳಮೈಗೆ ಹಳೆಯ ಹಿಟ್ಟು ಹಪ್ಪಳದ ಹಾಗೆ ಹೆಪ್ಪುಗಟ್ಟಿತ್ತು, ಗಾಳಿ ಹೋಗಲಿಕ್ಕೆ ಸಂದಿಯೇ ಇರಲಿಲ್ಲ. ಒಳಗಿನ ಬಿಸಿ ಹೊರಗೆ ಬರುವ ದಾರಿಗೇ ನಾನು ಬೀಗ ಹಾಕಿದ್ದೆ. ಬಟ್ಟೆ ತೆಗೆದದ್ದೇ ತಡ, ಫ್ಯಾನಿನ ಬಿಸಿ ಗಾಳಿ ಅವಳ ಮುಂಗೂದಲು ಹಾರಿಸಿತು. ಹೊಸ ಮೆತ್ತನೆಯ ಬ್ರಷ್ಷಿನಿಂದ ತೂತು ತೂತಿನ ಧೂಳು ತೆಗೆದಳು. ಆಮೇಲೆ ಡಬ್ಬಿಯನ್ನು ಗೋಡೆಯಿಂದ ದೂರ, ಅಡುಗೆಮನೆಯ ಕಡೆ ಕಿಟಕಿಯ ಹತ್ತಿರ ಇಟ್ಟೆವು. ಸಂಜೆವರೆಗೂ ಅದು ಆರಲಿಲ್ಲ.

ಆಗ ನನಗೆ ಬಂದ ಸಿಟ್ಟು ಅಂಥಿಂಥದ್ದಲ್ಲ. ಮೂವತ್ತು ವರ್ಷ ಗಿರಣಿ ನಡೆಸಿದವನು ನಾನು. ಮೋಟರ್ ಕಾದರೆ ತಾನೇ ನಿಲ್ಲುತ್ತದೆ, ತಣ್ಣಗಾದ ಮೇಲೆ ಚಾಲೂ ಮಾಡಬೇಕು ಅಂತ ಮಗನಿಗೆ ಕಲಿಸಿದವನು ನಾನು. ಈ ಡಬ್ಬಿಯೂ ಹೆಚ್ಚು ಕಾದಾಗ ತನ್ನ ಜೀವ ಉಳಿಸಿಕೊಳ್ಳಲು ಆರುತ್ತಿದೆ ಅಂತ ನನಗೆ ಹೊಳೆಯಬಾರದೇ?

"ಡಿಗ್ರಿ ಓದಿದಾಕಿ, ನಿನಗರ ತಿಳಿಬಾರ್ದೇನವ್ವಾ?" ಅಂತ ಮೊಮ್ಮಗಳ ಮೇಲೂ ಹರಿಹಾಯ್ದೆ.

"ಮೊದಲನೇ ತಿಂಗಳದಾಗ ಒಮ್ಮಿ ಬಿಚ್ಚಿದ್ದೆ ತಾತಾ. ಹಿಟ್ಟು ಹೋಗ್ತೈತಿ ಅಂತ ಒದರ್ಯಾಡಿ ನೀನಽ ಮತ್ತ ಕಟ್ಟಿದಿ. ಆಮ್ಯಾಲ ನನಗೂ ಮರತು ಹೋಗಿತ್ತು."

ಮತ್ತೆ ಕಟ್ಟಿದವನು ನಾನೇ, ಖರೇ. ಆದರೂ ಒಂದು ಮಾತು ಬಿಡುವುದಿಲ್ಲ ನಾನು. ಗಿರಣಿ ಕೆಟ್ಟರೆ ರಿಪೇರಿಯವನು ಮೊದಲು ಕೇಳುವುದು, ಎಲ್ಲಿ ಇಟ್ಟೀರಿ, ಏನು ಬೀಸುತ್ತೀರಿ, ಎಷ್ಟು ಹೊತ್ತು ನಡೆಸುತ್ತೀರಿ ಅಂತ. ಆ ಎರಡು ಅಂಗಡಿಯವರಲ್ಲಿ ಒಬ್ಬನಾದರೂ, ಯಜಮಾನ್ರ, ಇದನ್ನ ಮನ್ಯಾಗ ಎಲ್ಲಿ ಇಟ್ಟೀರಿ ಅಂತ ಕೇಳಿದ್ದರೆ? ಕೇಳಿದ್ದರೆ ನಾನು ಹೇಳುತ್ತಿದ್ದೆ. ಹೆಮ್ಮೆಯಿಂದಲೇ ಹೇಳುತ್ತಿದ್ದೆ.

ಗುರುವಾರ ಗಿರಣಿಯ ಬಾಗಿಲು ಹಾಕಿದೆ. ಮೋಟರಿನದು ತಪ್ಪಿಲ್ಲ ಅಂತ ಗೊತ್ತಿದ್ದರೂ ಹಾಕಿದೆ. ಮನೆಯ ಹೊಸ್ತಿಲ ಮೇಲೆ ಮೂರು ತಾಸು ಕೂತು, ಬಂದವರಿಗೆಲ್ಲ ಕೈಸನ್ನೆಯಿಂದಲೇ ಹೋಗಿ ಅಂದೆ. ಒಳಗೆ ಕೀಲಿಗಳ ಟಪಟಪ ಕೇಳುತ್ತಿತ್ತು. ಅದು ನಿಂತಾಗಲೆಲ್ಲ ನನ್ನ ಉಸಿರೂ ನಿಲ್ಲುತ್ತಿತ್ತು, ಮತ್ತೆ ಟಪಟಪ ಶುರುವಾದರೆ ಉಸಿರು ಬರುತ್ತಿತ್ತು. ಕಡೆಗೆ ಅವಳು ಹೊರಗೆ ಬಂದು ನನ್ನ ಹೆಗಲ ಮೇಲೆ ಕೈ ಇಟ್ಟು, "ಒಮ್ಮಿನೂ ಆರಲಿಲ್ಲ ತಾತಾ" ಅಂದಳು. ನಾನು ಎದ್ದು ಹೋಗಿ ಆ ಡಬ್ಬಿಯ ಬೆನ್ನು ಮುಟ್ಟಿ ನೋಡಿದೆ. ಹದವಾಗಿ ಬೆಚ್ಚಗಿತ್ತು, ಆಗಷ್ಟೇ ಬೀಸಿದ ಹಿಟ್ಟಿನ ಹಾಗೆ.

ನಿನ್ನೆ ಸುದ್ದಿ ಬಂದ ಕೂಡಲೇ ನನ್ನ ಹೆಂಡತಿ ಗೋಧಿ ಕುಟ್ಟಿ ಬೆಲ್ಲದ ಹುಗ್ಗಿಗೆ ಇಟ್ಟಳು. ನಾನು ಸಿಂಧನೂರಿನ ಅಂಗಡಿಯವನಿಗೆ ಫೋನು ಮಾಡಿ, ದೆವ್ವ ಸಿಕ್ಕಿತು, ನಾನೇ ಕಟ್ಟಿದ್ದ ಬಟ್ಟೆ ಅದು ಅಂದೆ. ಅವನು ಬಿದ್ದು ಬಿದ್ದು ನಕ್ಕ. "ಎಲ್ಲಿ ಇಟ್ಟೀರಿ ಅಂತ ನೀ ಯಾಕ ಕೇಳ್ಲಿಲ್ಲ?" ಅಂದದ್ದಕ್ಕೆ ನಗು ನಿಲ್ಲಿಸಿ, "ಅದು ಖರೇರಿ. ಕೇಳ್ಬೇಕಿತ್ತು" ಅಂದ. ಅಷ್ಟಕ್ಕೆ ಬಿಟ್ಟೆ.

ಸಂಜೆ ಎಲ್ಲರೂ ಪಡಸಾಲೆಯಲ್ಲಿ ಸಾಲಾಗಿ ಕೂತೆವು. ಮಗ, ಸೊಸೆ, ಮೊಮ್ಮಗಳು, ನಾನು. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಹುಗ್ಗಿಯ ಮೇಲೆ ತುಪ್ಪ. ಬಡಿಸಿ ಮುಗಿಸಿ ಹೆಂಡತಿಯೂ ಬಂದು ಮೊಮ್ಮಗಳ ಪಕ್ಕದಲ್ಲೇ ಕೂತಳು. ನಾನು ಮಾತ್ರ ಆ ಅಂಗಡಿಗಳ ಕಥೆ ಮತ್ತೆ ತೆಗೆದು ಹರಟುತ್ತಿದ್ದೆ.

"ಅಪ್ಪಾ, ಹುಗ್ಗಿ ಆರಾಕತ್ತೈತಿ. ಆ ಗಿರಣಿ ಬಟ್ಟಿ ತಂದು ಕಟ್ಲೇನು?" ಅಂದ ಮಗ.

ಮೊಮ್ಮಗಳ ಬಾಯಿಂದ ರೊಟ್ಟಿಯ ಚೂರು ಹಾರುವಷ್ಟು ನಗು. ನನಗೆ ಸರ್ರನೆ ಸಿಟ್ಟು ಬಂತು, "ಸುಮ್ಮನ ಉಣ್ಣಲೇ" ಅಂತ ಗದರಿದೆ. ಆಮೇಲೆ ತಟ್ಟೆ ಮುಂದೆ ಚಾಚಿದೆ. ಹೆಂಡತಿ ಇನ್ನೊಂದು ಸೌಟು ಹುಗ್ಗಿ ಹಾಕಿದಳು.