ಅಡುಗೆಮನೆಗೆ ಬಾರದ ಸೌಟು

ನಮ್ಮ ಮನೆಯಲ್ಲಿ ಅಡುಗೆಮನೆಗೆ ಬಾರದ ಒಂದು ಸೌಟಿದೆ. ಉದ್ದ ಹಿಡಿಯ ಸ್ಟೀಲಿನ ಸೌಟು. ಗರಾಜಿನ ಗೋಡೆಯಲ್ಲಿ, ಹಿಮ ಎತ್ತುವ ಸಲಿಕೆಯ ಪಕ್ಕ, ಅದಕ್ಕೆಂದೇ ಹೊಡೆದ ಮೊಳೆಗೆ ತೂಗುತ್ತಿರುತ್ತದೆ. ನೋಡಿದವರು, ಅಮ್ಮ ಹಳೆಯ ಪಾತ್ರೆಯನ್ನು ಎಸೆಯಲಾರದೆ ಇಟ್ಟುಕೊಂಡಿದ್ದಾಳೆ ಎಂದುಕೊಳ್ಳುತ್ತಾರೆ. ನಾನು ತಿದ್ದುವುದಿಲ್ಲ. ಮನೆಯ ಸಂಗತಿಗಳನ್ನು ಹೊರಗೆ ಹೇಳುವುದು ನನಗೆ ರೂಢಿಯಿಲ್ಲ. ಆದರೆ ಈ ಸೌಟಿನ ಬಗ್ಗೆ ನನಗೆ ಹೆಮ್ಮೆಯಿದೆ. ಅದನ್ನು ಒಂದು ಸಲ ಸರಿಯಾಗಿ ಬರೆದಿಡಬೇಕು ಅನ್ನಿಸಿದೆ.

ಅದು ನಮ್ಮ ನಾಯಿಯ ಮೂತ್ರ ಹಿಡಿಯುವ ಸೌಟು.

ನಾವಿರುವುದು ಅಮೆರಿಕದ ಕ್ಯಾಂಟನ್ ಎಂಬ ಊರಿನಲ್ಲಿ. ನಾನು ಎಂಟನೆಯ ತರಗತಿ ಮುಗಿಸಿ ಮೈಸೂರಿನಿಂದ ಇಲ್ಲಿಗೆ ಬಂದವಳು. ಇಲ್ಲೇ ಇಂಜಿನಿಯರಿಂಗ್ ಓದಿ, ಈಗ ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರ ಅಳತೆ ವಿಭಾಗದಲ್ಲಿದ್ದೇನೆ. ಅಪ್ಪನ ಕೆಲಸ ಷಿಕಾಗೋ ಕಡೆ. ವಾರವೆಲ್ಲ ಅಲ್ಲಿನ ಅರೋರಾದಲ್ಲಿದ್ದು ಶುಕ್ರವಾರ ರಾತ್ರಿ ಡ್ರೈವ್ ಮಾಡಿಕೊಂಡು ಬರುತ್ತಾರೆ. ಉಳಿದ ದಿನ ಮನೆಯಲ್ಲಿರುವುದು ಅಮ್ಮ, ನಾನು ಮತ್ತು ನಾಯಿ. ಬೀಗಲ್ ಮೂತಿಯ, ಆದರೆ ಯಾವ ತಳಿಗೂ ಪೂರ್ತಿ ಸೇರದ ಮುದುಕ ಅವನು.

ಹಿಂದಿನ ವರ್ಷ ಎಲೆ ಉದುರುವ ಕಾಲಕ್ಕೆ ಅವನಿಗೆ ವಿಪರೀತ ಹಸಿವು ಶುರುವಾಯಿತು. ನೀರಿನ ಬಟ್ಟಲು ತುಂಬಿಸಿದಷ್ಟೂ ಖಾಲಿಯಾಗುತ್ತಿತ್ತು. ಹೊಟ್ಟೆ ಜೋತುಬಿತ್ತು, ಬೆನ್ನಿನ ಕೂದಲು ತೆಳುವಾಯಿತು. "ವಯಸ್ಸಾದ್ಮೇಲೂ ಊಟ ಸೇರತ್ತೆ ಅಂದ್ರೆ ಪುಣ್ಯ ಕಣೆ," ಎಂದಿದ್ದಳು ಅಮ್ಮ. ಪಶುವೈದ್ಯೆ ಪರೀಕ್ಷೆ ಮಾಡಿ, ಇದು ಕುಶಿಂಗ್ ಕಾಯಿಲೆ ಎಂದರು. ದೇಹವು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಅಗತ್ಯಕ್ಕಿಂತ ಹೆಚ್ಚು ತಯಾರಿಸುವ ಕಾಯಿಲೆ. ಊಟದ ಜೊತೆ ಕೊಡುವ ಮಾತ್ರೆಯಿಂದ ಹಸಿವು, ನೀರಡಿಕೆ ಹತೋಟಿಗೆ ಬಂದವು. ಮೂತ್ರದಲ್ಲಿ ಪ್ರೋಟೀನ್ ಹೋಗುವುದು ಮಾತ್ರ ನಿಲ್ಲಲಿಲ್ಲ. ಅದು ಹೀಗೇ ಮುಂದುವರಿದರೆ ಕಿಡ್ನಿ ಸೋಲುತ್ತದೆ ಎಂದು ವೈದ್ಯೆ ಮುಚ್ಚುಮರೆಯಿಲ್ಲದೆ ಹೇಳಿದರು.

ಮನೆಗೆ ಬಂದು ನಾನು ಅಮ್ಮನಿಗೆ ಕಾಫಿ ಫಿಲ್ಟರ್ ತೋರಿಸಿ ವಿವರಿಸಿದೆ. ಡಿಕಾಕ್ಷನ್ ಕೆಳಗಿಳಿಯಬೇಕು, ಪುಡಿ ಮೇಲೆ ನಿಲ್ಲಬೇಕು. ಅವನ ಕಿಡ್ನಿಯೆಂಬ ಫಿಲ್ಟರಿನ ತೂತುಗಳು ದೊಡ್ಡವಾಗಿವೆ, ಪುಡಿಯೂ ಇಳಿದುಹೋಗುತ್ತಿದೆ. ಅದಕ್ಕೇ ರಕ್ತದೊತ್ತಡ ಇಳಿಸಿ ಕಿಡ್ನಿಯ ಭಾರ ಕಡಿಮೆ ಮಾಡುವ ಇನ್ನೊಂದು ಮಾತ್ರೆ, ಕಿಡ್ನಿ ತೊಂದರೆಯಿರುವ ನಾಯಿಗಳಿಗೆಂದೇ ಮಾಡಿದ ಒಣ ಆಹಾರ, ಅದರ ಮೇಲೆ ಸ್ವಲ್ಪ ಮೀನೆಣ್ಣೆ. ಮೀನೆಣ್ಣೆಯ ಬಾಟಲಿ ಒಳಗೆ ಬರಕೂಡದು ಎಂಬ ಷರತ್ತಿನ ಮೇಲೆ ಅಮ್ಮ ಎಲ್ಲಕ್ಕೂ ತಲೆಯಾಡಿಸಿದಳು.

ಮುಂದಿನ ಪರೀಕ್ಷೆಯಲ್ಲಿ ಪ್ರೋಟೀನ್ ಇಳಿದಿರಬೇಕಿತ್ತು. ಏರಿತ್ತು.

ಕಾರಣ ಸಿಕ್ಕಿದ್ದು ಶನಿವಾರ ಬೆಳಿಗ್ಗೆ. ನಾನು ಮಹಡಿಯಿಂದ ಇಳಿದು ಬರುವಾಗ ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಕೂತು ಅವನಿಗೆ ತಟ್ಟೆಯಿಂದ ಏನೋ ತಿನ್ನಿಸುತ್ತಿದ್ದಳು.

"ಏನಮ್ಮ ಅದು?"

"ಕಡ್ಲೆಕಾಳು. ಬೇಯಿಸಿ ಹಿಚುಕಿದೀನಿ. ಒಗ್ಗರಣೆ ಇಲ್ಲ."

"ಉಪ್ಪು?"

"ಚಿಟಿಕೆ."

"ಬೇರೆ ಏನೂ ಕೊಡ್ಬೇಡಿ ಅಂದಿರ್ಲಿಲ್ವಾ ಅವರು?"

"ಪ್ರೋಟೀನ್ ಹೋಗ್ತಿದೆ ಅಂದ್ರು. ಹೋಗ್ತಿದ್ರೆ ತುಂಬ್ಬೇಕು ತಾನೆ? ಹೋದ ವಾರ ಹೆಸರುಬೇಳೆ ಕೊಟ್ಟೆ, ಪನೀರ್ ಕೊಟ್ಟೆ. ನಿಮ್ಮಪ್ಪಂಗಿಂತ ಜಾಸ್ತಿ ಮುತುವರ್ಜಿ ಮಾಡಿದೀನಿ ಇವನಿಗೆ."

ನಗು ಬರಬಹುದಿತ್ತು, ಬರಲಿಲ್ಲ. ಈ ದೇಶದಲ್ಲಿ ನಮ್ಮಂಥ ಸಸ್ಯಾಹಾರಿಗಳು ಯಾವ ಡಾಕ್ಟರ ಮುಂದೆ ಕೂತರೂ ಮೊದಲು ಕೇಳಿಸುವ ಪ್ರಶ್ನೆ, ನಿಮಗೆ ಪ್ರೋಟೀನ್ ಎಲ್ಲಿಂದ ಸಿಗುತ್ತದೆ ಎಂಬುದು. ಬಂದಾಗಿನಿಂದ ಅಮ್ಮ ಅದಕ್ಕೆ ಉತ್ತರವಾಗಿ ಅಡುಗೆ ಮಾಡಿದ್ದಾಳೆ: ಉಸಲಿ, ಕೋಸಂಬರಿ, ಮೊಳಕೆ ಕಾಳಿನ ಸಾರು. ಅದೇ ಪ್ರಶ್ನೆ ನಾಯಿಗೂ ಬಂತು ಎಂದು ತಿಳಿದು, ಅದೇ ಉತ್ತರ ಕೊಟ್ಟಿದ್ದಳು.

"ಫಿಲ್ಟರ್ ತೂತು ದೊಡ್ಡದಾದಾಗ ಇನ್ನೆರಡು ಚಮಚ ಪುಡಿ ಹಾಕಿದ್ರೆ ಏನಾಗತ್ತಮ್ಮ?"

ಅಮ್ಮ ಕೈಯಲ್ಲಿದ್ದ ತಟ್ಟೆಯನ್ನು ನೋಡಿದಳು. "ಲೋಟದಲ್ಲಿ ಇನ್ನೂ ಚರಟ ಬರತ್ತೆ."

ಎದ್ದು ತಟ್ಟೆಯನ್ನು ತೊಳೆಯಲು ಹಾಕಿದಳು. ನನ್ನ ಕಡೆ ತಿರುಗದೆ ಹೇಳಿದಳು: "ಅವನು ಹಂಗೆ ನೋಡ್ತಿದ್ರೆ ನಂಗೆ ತುತ್ತು ಇಳಿಯಲ್ಲ ಕಣೆ."

ಕಾಳಿನ ವಿಷಯ ತಿಳಿಸಿದಾಗ ವೈದ್ಯೆ ಗದರಲಿಲ್ಲ. ಮತ್ತೆ ಶುರು ಮಾಡೋಣ, ಒಂದು ತಿಂಗಳು ಬಿಟ್ಟು ಪರೀಕ್ಷಿಸೋಣ ಎಂದರು. ಪ್ರೋಟೀನ್ ದಿನದಿಂದ ದಿನಕ್ಕೆ ಏರಿಳಿಯುವುದರಿಂದ ಈ ಸಲ ಸತತ ಮೂರು ಬೆಳಗಿನ ಮೂತ್ರವನ್ನು ಸಮಪಾಲು ಬೆರೆಸಿ ತರಬೇಕು, ಅಲ್ಲಿಯವರೆಗೆ ತಣ್ಣಗಿಡಬೇಕು, ಹುಲ್ಲು, ಮಣ್ಣು, ಕೈ ಯಾವುದೂ ಸೋಕಬಾರದು. ಕೆಲಸದಲ್ಲಿ ನಾವು ಮಾಡುವುದೂ ಇದನ್ನೇ, ಒಂದೇ ಅಳತೆಯನ್ನು ನಂಬುವುದಿಲ್ಲ. ಆದರೆ ಹಗಲಾಗುವ ಮೊದಲೇ ನಾನು ಮನೆ ಬಿಡುತ್ತೇನೆ, ನಾಯಿ ಬೆಳಕು ಮೂಡದೆ ಅಂಗಳಕ್ಕಿಳಿಯುವುದಿಲ್ಲ. ಕೆಲಸ ಅಮ್ಮನ ಪಾಲಿಗೆ ಬಂತು.

ಅಮ್ಮ ಮಡಿಯವಳು. ಹಬ್ಬದ ದಿನ ನಾಯಿ ದೇವರ ಕೋಣೆಯ ಹೊಸ್ತಿಲ ಹತ್ತಿರ ಸುಳಿದರೆ ಇನ್ನೊಂದು ಸ್ನಾನ ಮಾಡುವವಳು. ಬೇಡ ಅನ್ನುತ್ತಾಳೆ, ರಜೆ ಹಾಕಬೇಕಾಗುತ್ತದೆ ಎಂದುಕೊಂಡೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಸೋಕಿದ್ರೆ ಕೆಡತ್ತೆ ಅಂತ ತಾನೆ ಅವರು ಹೇಳಿದ್ದು?"

"ಹೂಂ."

"ಅಷ್ಟೇ ತಾನೆ. ಅದು ನಂಗೆ ಗೊತ್ತು."

ತನ್ನ ಸೌಟುಗಳಲ್ಲೇ ಒಂದನ್ನು ಆರಿಸಿ ಅಡುಗೆಮನೆಯಿಂದ ಖಾಯಮ್ಮಾಗಿ ಹೊರಹಾಕಿದಳು. ಕುದಿವ ನೀರಿನಲ್ಲಿ ತೊಳೆದು, ಬಟ್ಟೆಯಲ್ಲೂ ಒರೆಸದೆ ಮೊಳೆಗೆ ಹಾಕಿ ಆರಿಸಿದಳು. ಯಾರೂ ಮುಟ್ಟಕೂಡದು ಎಂದು ನನಗೂ, ಫೋನಿನಲ್ಲಿ ಅಪ್ಪನಿಗೂ ಹೇಳಿದಳು. ಗರಾಜಿನ ಫ್ರಿಜ್ಜಿನಲ್ಲಿ ಅವಳು ದೋಸೆ ಹಿಟ್ಟು, ಕರಿಬೇವು, ಪೂಜೆಯ ಹೂವು ಇಡುತ್ತಾಳೆ. ಸಂಜೆ ನಾನು ಬರುವಷ್ಟರಲ್ಲಿ ಅದೆಲ್ಲ ಒಳಗಿನ ಫ್ರಿಜ್ಜಿಗೆ ಹೋಗಿ, ಗರಾಜಿನದು ಖಾಲಿಯಾಗಿ ಒರೆಸಿಕೊಂಡು ನಿಂತಿತ್ತು. ದೇವರ ಹೂವು ಇದ್ದ ಜಾಗದಲ್ಲಿ ನಾಯಿಯ ಮೂತ್ರದ ಸೀಸೆ.

ಮೂರನೆಯ ಬೆಳಗು ಶನಿವಾರವಾದ್ದರಿಂದ ನಾನು ಕಿಟಕಿಯಿಂದ ನೋಡಿದೆ. ಫ್ಯಾರನ್‌ಹೀಟಿನಲ್ಲಿ ಹತ್ತು ಡಿಗ್ರಿ, ನೀರು ಹೆಪ್ಪುಗಟ್ಟುವ ಚಳಿ. ನೈಟಿಯ ಮೇಲೆ ಅಪ್ಪನ ಹಳೆಯ ಜಾಕೆಟ್ಟು, ಕಾಲಿಗೆ ನನ್ನ ಬೂಟು, ಬೆನ್ನ ಹಿಂದೆ ಅಡಗಿಸಿದ ಸೌಟು. ನಾಯಿ ಮೂಸುತ್ತ ಹೋದಂತೆ ಅವಳೂ ಹಿಂದೆಯೇ, ಅವಸರವಿಲ್ಲದೆ. ಅವನು ಕಾಲೆತ್ತಿದಾಗ ಮೊದಲ ಧಾರೆಯನ್ನು ಬಿಟ್ಟು ನಡುವೆ ಸೌಟು ಚಾಚಿದಳು. ಅವನಿಗೆ ತಿಳಿಯಲೂ ಇಲ್ಲ. ಒಂದು ಹನಿಯೂ ಹಿಮಕ್ಕೆ ಬೀಳದಂತೆ ಸೀಸೆಗೆ ಹೊಯ್ದಳು. ನಾನು ಅಷ್ಟು ಸ್ಥಿರವಾದ ಕೈಗಳನ್ನು ಕಾರ್ಖಾನೆಯಲ್ಲೂ ಹೆಚ್ಚು ಕಂಡಿಲ್ಲ.

ನೋಡಿದ್ದು ನಾನೊಬ್ಬಳೇ ಅಲ್ಲ. ಹಿಂದಿನ ಮನೆಯ ಧಾರವಾಡದ ಆಂಟಿ ತಮ್ಮ ಹಿತ್ತಲಿನ ಡೆಕ್ಕಿನ ಮೇಲಿಂದಲೇ ಕೂಗಿದರು: "ಏನ್ರಿ ವೈನಿ, ಮುಂಜಾನೆದ್ದು ನಾಯಿ ಹಿಂದ ಸೌಟ್ ಹಿಡ್ಕೊಂಡ್ ಅಡ್ಡಾಡಾಕತ್ತೀರಿ. ಸಾರು ಬಡಸ್ತೀರೇನು?"

"ಬಡಿಸ್ತಿಲ್ಲ ರೀ," ಎಂದಳು ಅಮ್ಮ. "ಬಡಿಸ್ಕೋತಿದೀನಿ."

ಅಪ್ಪ ಒಳಗೆ ಕಾಫಿ ಕುಡಿಯುತ್ತಿದ್ದರು. "ಇವತ್ತಿನ ತೀರ್ಥ ಸಿಕ್ತಾ?" ಎಂದು ಕೇಳಿದರು.

"ಸಿಕ್ತು. ನಿಮ್ಗೂ ಒಂದು ಉದ್ಧರಣೆ ಕೊಡ್ಲಾ?"

ಊಟದ ಸಮಸ್ಯೆಯನ್ನೂ ಅವಳೇ ಬಗೆಹರಿಸಿಕೊಂಡಿದ್ದಳು. ಎದುರಿಗೆ ಕೂತು ನೋಡುವ ಜೀವಕ್ಕೆ ಕೊಡದೆ ತಿನ್ನುವುದು ಅವಳಿಂದ ಆಗದು, ನಮ್ಮದನ್ನು ಕೊಡುವಂತಿಲ್ಲ. ಅವನ ದಿನದ ಆಹಾರದಲ್ಲೇ ಒಂದು ಹಿಡಿ ತೆಗೆದು, ಪುಟ್ಟ ಬಟ್ಟಲಲ್ಲಿ ತನ್ನ ತಟ್ಟೆಯ ಎಡಕ್ಕೆ ಇಟ್ಟುಕೊಳ್ಳತೊಡಗಿದಳು. ತಾನೊಂದು ತುತ್ತು ತಿಂದರೆ ಎಡಗೈಯಲ್ಲಿ ಅವನಿಗೆ ಅದರದೊಂದು ತುಣುಕು. ಒಣ ಆಹಾರವನ್ನು ಮೂಸಿ ಬಿಡುತ್ತಿದ್ದ ನಾಯಿ, ಅದೇ ಆಹಾರವನ್ನು ಹಬ್ಬದೂಟದಂತೆ ತಿಂದಿತು.

ಫಲಿತಾಂಶದ ಕರೆ ಬಂದಾಗ ನಾನು ಕೆಲಸದಲ್ಲಿದ್ದೆ. ಪ್ರೋಟೀನ್ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಪೂರ್ತಿ ಸರಿಹೋಗಿಲ್ಲ, ಮಾತ್ರೆಗಳು ಮುಂದುವರಿಯಬೇಕು, ಆದರೆ ಸದ್ಯಕ್ಕೆ ಕಿಡ್ನಿಗಳು ತಡೆದುಕೊಂಡಿವೆ ಎಂದರು ವೈದ್ಯೆ. ಆಮೇಲೆ, ಮನೆಯಿಂದ ಇಷ್ಟು ಶುದ್ಧವಾದ ಮಾದರಿ ಬರುವುದು ಅಪರೂಪ, ಯಾರು ಹಿಡಿದದ್ದು, ಎಂದು ಕೇಳಿದರು.

"ನನ್ನ ತಾಯಿ," ಎಂದೆ. ನನ್ನ ದನಿ ಸ್ವಲ್ಪ ಜೋರಾಗಿತ್ತೇನೋ, ಪಕ್ಕದ ಮೇಜಿನವನು ತಲೆಯೆತ್ತಿ ನೋಡಿದ. ನಾನೂ ಅವನನ್ನು ನೋಡಿ ನಕ್ಕೆ. ಸಾಮಾನ್ಯವಾಗಿ ನಾನು ಹಾಗೆ ಮಾಡುವವಳಲ್ಲ.

ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಆ ಕಡೆಯಿಂದ ಕುಕ್ಕರಿನ ಸದ್ದು, ನೆಲದ ಮೇಲೆ ನಾಯಿಯ ಉಗುರಿನ ಸದ್ದು ಕೇಳಿಸಿತು. ಸಂತೋಷಪಡುತ್ತಾಳೆ, ಕಣ್ಣೀರು ಹಾಕುತ್ತಾಳೆ ಎಂದು ಕಾದೆ.

"ಅಲ್ವೇ," ಎಂದಳು ಅಮ್ಮ, "ಅವರು ಸರಿಯಾಗಿ ಅಳೆದಿದಾರೆ ತಾನೆ? ನನ್ನ ಕಡೆಯಿಂದಂತೂ ಒಂದು ಹನೀನೂ ತಪ್ಪಿಲ್ಲ."