ಖಾಲಿ ತಟ್ಟೆ ಒಯ್ಯದ ಹಮೀದಾಕ

ಒಂದೇ ಒಂದು ಸಲ ಬಿಟ್ಟರೆ, ಹಮೀದಾಕ ಖಾಲಿ ಪಾತ್ರೆ ಹಿಡಿದು ನಡೆದದ್ದನ್ನು ನಾನು ಕಂಡಿಲ್ಲ. ಮಧ್ಯಾಹ್ನ ನಾನು ಕೊಟ್ಟ ಶೇಂಗಾ ಚಟ್ನಿಯ ಡಬ್ಬಿ ಮರುದಿನ ಬೆಳಿಗ್ಗೆ ತೊಳೆದು ಒರೆಸಿಕೊಂಡು ವಾಪಸ್ ಬರುತ್ತಿತ್ತು. ಮುಚ್ಚಳ ತೆಗೆದರೆ ನಾಲ್ಕು ಖರ್ಜೂರವೋ, ಒಂದು ಹಿಡಿ ಗೋಡಂಬಿಯೋ, ಏನೂ ಸಿಗದ ದಿನ ಒಂದು ನಿಂಬೆಹಣ್ಣೋ ಇರುತ್ತಿತ್ತು. ಒಮ್ಮೆ ಬರೀ ಎರಡು ಚಮಚ ಸಕ್ಕರೆ ಇತ್ತು. ಯಾಕ್ರೀ ಇದೆಲ್ಲ ಎಂದು ಕೇಳಿದ್ದಕ್ಕೆ ಅವರು, "ಪಾತ್ರೆ ಖಾಲಿ ಕೊಡ್ಲಿಕ್ಕುಂಟಾ ಮಾರಾಯ್ರೆ? ಕೊಟ್ಟವರ ಮನೆ ಖಾಲಿ ಆಗ್ಲಿ ಅಂತ ಹೇಳಿದ ಹಾಗೆ ಅಲ್ವಾ ಅದು" ಎಂದಿದ್ದರು.

ಅಬುಧಾಬಿಯ ಖಲೀಫಾ ಸಿಟಿಯಲ್ಲಿ ನಮ್ಮದು ಇಪ್ಪತ್ತು ವಿಲ್ಲಾಗಳ ಕಾಂಪೌಂಡು. ಗೇಟಿನ ಪಕ್ಕದ ಆಫೀಸಿನಲ್ಲಿ ಕೂತು ಬಾಡಿಗೆದಾರರ ದೂರುಗಳನ್ನು ಬರೆದುಕೊಳ್ಳುವವಳು ಗದಗಿನ ನಾನು. ಅವುಗಳನ್ನು ಸರಿಪಡಿಸುವವರು ಬಂಟ್ವಾಳದ ಕಡೆಯ ಹಮೀದ್, ಅವರ ಊರಿನವರ ಬಾಯಲ್ಲಿ ಹಮೀದಾಕ, ಅಂದರೆ ಹಮೀದಣ್ಣ. ಎಸಿ, ನಲ್ಲಿ, ಫ್ಯಾನು, ಬಾಗಿಲ ಚಿಲಕ, ಎಲ್ಲಕ್ಕೂ ಅವರೇ. ಹತ್ತಿರದ ಬನಿಯಾಸ್ ಬಡಾವಣೆಯಲ್ಲಿ ಊರಿನ ನಾಲ್ವರ ಜೊತೆ ಅವರದೊಂದು ರೂಮು. ನಮ್ಮಿಬ್ಬರದೂ ಕನ್ನಡವೇ ಆದರೂ ನನ್ನ ಮಾತು ಅವರಿಗೆ ಮೊದಮೊದಲು ಜಗಳದ ಹಾಗೆ ಕೇಳುತ್ತಿತ್ತಂತೆ. ನನಗೆ ಅವರ ಮಾತು ಪಠ್ಯಪುಸ್ತಕ ಓದಿದ ಹಾಗೆ ಕೇಳುತ್ತಿತ್ತು. ನನ್ನ ಒಣಗಿದ ಕಟಕು ಜೋಳದ ರೊಟ್ಟಿಯನ್ನು ಬೆಳಕಿಗೆ ಹಿಡಿದು, "ಅಕ್ಕ, ಇದು ಊಟವಾ, ಹಲ್ಲಿನ ಪರೀಕ್ಷೆಯಾ?" ಎಂದು ಕೇಳಿದವರು, ಎರಡು ತಿಂದು ಮೂರನೆಯದನ್ನು ಟಿಶ್ಯೂ ಕಾಗದದಲ್ಲಿ ಸುತ್ತಿಕೊಂಡು ಹೋಗಿದ್ದರು.

ಬಹುಶಃ ಇದೇ ಕಾರಣಕ್ಕೆ ಅವರಿಗೆ ಇಂಗ್ಲಿಷರು ಮತ್ತು ಅಮೆರಿಕದವರ ಮೇಲೆ ಅಷ್ಟು ಕುತೂಹಲ. ಒಂದೇ ಭಾಷೆ ಆಡುವವರು ಇಷ್ಟು ಬೇರೆ ಹೇಗಾದರು ಎಂಬುದು ಅವರ ನಿತ್ಯದ ಪ್ರಶ್ನೆ. ಪರೀಕ್ಷಿಸಲು ಜೋಡಿಯೂ ಸಿಕ್ಕಿತ್ತು. ಹನ್ನೆರಡನೇ ವಿಲ್ಲಾದಲ್ಲಿ ಬಹಳ ವರ್ಷಗಳಿಂದ ಇದ್ದ ಇಂಗ್ಲೆಂಡಿನ ಶಾಲಾ ಶಿಕ್ಷಕಿ ಮಾರ್ಗರೆಟ್, ಹನ್ನೊಂದಕ್ಕೆ ಹೊಸದಾಗಿ ಬಂದ ಅಮೆರಿಕದ ಇಂಜಿನಿಯರ್ ಡೇಲ್. ಮಾರ್ಗರೆಟ್ ಊರಿನಿಂದ ತಂದ ನೀರು ಕಾಯಿಸುವ ಕೆಟಲ್ ಇಲ್ಲಿನ ಗೋಡೆಯ ಪ್ಲಗ್ಗಿಗೆ ತವರಿಗೆ ಬಂದ ಮಗಳಂತೆ ಹೊಂದಿಕೊಂಡಿತ್ತು. ಡೇಲ್ ತಂದ ಕಾಫಿ ಯಂತ್ರ ಅಮೆರಿಕದ ಕಡಿಮೆ ವೋಲ್ಟೇಜಿನದು, ಮೊದಲ ದಿನವೇ ಹೊಗೆ ಬಿಟ್ಟು ಸತ್ತಿತು. ಅದನ್ನು ನೋಡಲು ಹೋದ ಹಮೀದಾಕನಿಂದ ಡೇಲ್ ಐದೇ ನಿಮಿಷದಲ್ಲಿ ಅವರ ಮಗಳ ಹೆಸರು, ಊರಿನ ಮನೆ, ಮಂಡಿನೋವು ಎಲ್ಲ ತಿಳಿದುಕೊಂಡಿದ್ದ. ಮಾರ್ಗರೆಟ್ ಮಾತ್ರ ವರ್ಷಗಟ್ಟಲೆ ಹವಾಮಾನದ ಬಗ್ಗೆಯೇ ಮಾತಾಡುತ್ತಿದ್ದರು, ಅದೂ ವರ್ಷವಿಡೀ ಬಿಸಿಲೇ ಇರುವ ಊರಿನಲ್ಲಿ. ಆದರೆ ಹಮೀದಾಕನ ಮಗಳ ನರ್ಸಿಂಗ್ ಪರೀಕ್ಷೆ ಯಾವತ್ತು ಎಂಬುದು ಅವರಿಗೆ ನೆನಪಿರುತ್ತಿತ್ತು. "ಒಬ್ಬರು ಚಾಕ್ಕೆ ಹಾಲು ಹಾಕ್ತಾರೆ, ಇನ್ನೊಬ್ಬರು ಐಸ್ ಹಾಕ್ತಾರೆ. ಚಾ ಬೇಡ ಅನ್ನುವವರು ಇಬ್ಬರಲ್ಲಿ ಯಾರೂ ಇಲ್ಲ" ಎಂದು ಹಮೀದಾಕ ವರದಿ ಕೊಡುತ್ತಿದ್ದರು. ಚಳಿಗಾಲ ಬಂತೆಂದರೆ ಇಬ್ಬರಿಗೂ ಕುಂಡದಲ್ಲಿ ಟೊಮೆಟೊ ಬೆಳೆಯುವ ಹುಚ್ಚು. ಒಂದೇ ಗೋಡೆಯ ಆಚೆ ಈಚೆ ನಿಂತು, ಒಬ್ಬರಿಗೆ ಗೊತ್ತಾಗದಂತೆ ಇನ್ನೊಬ್ಬರು ಬನಿಯಾಸ್‌ನಿಂದ ಆಡಿನ ಗೊಬ್ಬರ ತರಲು ಹೇಳುತ್ತಿದ್ದುದು ಹಮೀದಾಕನಿಗೇ.

ಹೊಸಬರು ಬಂದಾಗ ನೆರೆಯವರೇ ತಿಂಡಿ ಹಿಡಿದು ಬಾಗಿಲು ಬಡಿಯುವುದು ಡೇಲ್‌ನ ಊರಿನ ಪದ್ಧತಿ. ಎರಡು ವಾರ ಕಾದ, ಯಾರೂ ಬರಲಿಲ್ಲ. ಹೊಸಬರಿಗೆ ತೊಂದರೆ ಕೊಡದೆ ಅವರ ಪಾಡಿಗೆ ಬಿಡುವುದೇ ಮರ್ಯಾದೆ ಎಂದು ಮಾರ್ಗರೆಟ್ ನಂಬಿದ್ದರು. ಕೊನೆಗೆ ಡೇಲ್ ತಾನೇ ಚಾಕೊಲೇಟ್ ಕೇಕು ಮಾಡಿ, ನೀಲಿ ಅಂಚಿನ ತಟ್ಟೆಯಲ್ಲಿಟ್ಟು, ಹೇಳದೆ ಕೇಳದೆ ಹೋಗಿ ಅವರ ಬೆಲ್ ಒತ್ತಿದ. ಮಣ್ಣುಗೈಯಲ್ಲಿದ್ದ ಮಾರ್ಗರೆಟ್ ಬಾಗಿಲಲ್ಲೇ ತಟ್ಟೆ ತೆಗೆದುಕೊಂಡು, ಒಳಗೆ ಕರೆಯದೆ ಕಳಿಸಿದರು. ಅವನಿಗೆ ಅವರು ಬಿಗುಮಾನದ ಹೆಂಗಸು ಅನಿಸಿತು, ಅವರಿಗೆ ಅವನು ಮೈಮೇಲೆ ಬೀಳುವ ಮನುಷ್ಯ ಅನಿಸಿತು.

ಮರುದಿನ ಮಾರ್ಗರೆಟ್ ತಟ್ಟೆ ತೊಳೆದು, ಧನ್ಯವಾದದ ಚೀಟಿ ಇಟ್ಟು, ಎಸಿ ನೋಡಲು ಹೋಗಿದ್ದ ಹಮೀದಾಕನ ಕೈಗೆ ಕೊಟ್ಟು ಪಕ್ಕದ ಮನೆಗೆ ತಲುಪಿಸಿ ಎಂದರು. ತಟ್ಟೆ ಖಾಲಿ. ಹಮೀದಾಕ ಎರಡು ವಿಲ್ಲಾಗಳ ನಡುವೆ ನಿಂತುಬಿಟ್ಟರು. ಆಮೇಲೆ ತಮ್ಮ ಬೆಳಗಿನ ತಿಂಡಿಯ ಪೊಟ್ಟಣ ಬಿಚ್ಚಿ, ಬನಿಯಾಸ್‌ನ ಕೆಫೆಟೇರಿಯಾದಿಂದ ತಂದಿದ್ದ ಎರಡು ಮಂಗಳೂರು ಬನ್ಸ್ ಅದರಲ್ಲಿಟ್ಟು ಡೇಲ್‌ಗೆ ಕೊಟ್ಟರು. ಬಾಳೆಹಣ್ಣಿನ ಆ ಸಿಹಿ ಪೂರಿ ತಿಂದು ಡೇಲ್ ಕರಗಿಹೋದ. ಮರುದಿನವೇ ಗೋಡೆಯ ಮೇಲಿಂದ ಮಾರ್ಗರೆಟ್‌ಗೆ ಕೂಗಿ ಹೊಗಳಿ, ಅದೇ ತಟ್ಟೆಯಲ್ಲಿ ಜೋಳದ ಬ್ರೆಡ್ಡು ಕಳಿಸಿದ. ತಾನು ಕಳಿಸದ ತಿಂಡಿಗೆ ಬಂದ ಹೊಗಳಿಕೆಯನ್ನು ತಿದ್ದಲು ಮಾರ್ಗರೆಟ್‌ಗೆ ಮುಜುಗರ. ಸುಮ್ಮನೆ ನಕ್ಕು, ತಟ್ಟೆ ತೊಳೆದು, ಮತ್ತೆ ಹಮೀದಾಕನಿಗೇ ಕೊಟ್ಟರು. ಹೀಗೆ ಐದು ಸುತ್ತು ನಡೆಯಿತು. ಅಷ್ಟರಲ್ಲಿ ಇಬ್ಬರೂ ಗೋಡೆಯ ಬಳಿ ನಿಂತು ಟೊಮೆಟೊ ಎಲೆಯ ರೋಗದ ಬಗ್ಗೆ ಗಂಟೆಗಟ್ಟಲೆ ಮಾತಾಡುವಂತಾಗಿದ್ದರು.

ಆಗಲೇ ವಿಷಯ ನನಗೆ ಗೊತ್ತಾದದ್ದು. ಕೆಲಸಗಾರರು ಬಾಡಿಗೆದಾರರಿಗೆ ತಿನ್ನುವ ಪದಾರ್ಥ ಕೊಡಕೂಡದು ಎಂಬ ನಿಯಮವಿತ್ತು. ಹಮೀದಾಕನಿಗೆ ಅರವತ್ತಾಗಿತ್ತು. ವೀಸಾ ಇನ್ನೊಮ್ಮೆ ರಿನ್ಯೂ ಆಗಬೇಕಾದರೆ ಮ್ಯಾನೇಜರ್ ಒಪ್ಪಿ ಬರೆಯಬೇಕು, ಮಗಳ ಓದು ಮುಗಿಯಲು ಇನ್ನೂ ಒಂದು ವರ್ಷವಿತ್ತು. ನಿಲ್ಲಿಸ್ರಿ ಇದನ್ನ ಎಂದು ಬೈದೆ. ಅವರು ತಲೆಯಾಡಿಸಿದರು, ಮರುದಿನ ಮತ್ತೆ ಬನ್ಸ್ ಇಟ್ಟರು.

ಗುಟ್ಟು ಒಡೆದದ್ದು ದೂರಿನಿಂದಲ್ಲ, ಹೊಗಳಿಕೆಯಿಂದ. ಒಬ್ಬರ ಕೆಲಸ ಮೆಚ್ಚಿಗೆಯಾದರೆ ಮೇಲಿನವರಿಗೆ ಬರೆದು ತಿಳಿಸುವುದು ಡೇಲ್‌ನ ಅಭ್ಯಾಸ. ಹಮೀದಾಕನ ರಿನ್ಯೂವಲ್ ಇದೆ ಎಂದು ತಿಳಿದು ಮ್ಯಾನೇಜರ್‌ಗೆ ಒಂದು ಪುಟದ ಮೇಲ್ ಕಳಿಸಿದ. ಅದರಲ್ಲಿ ಎಸಿ, ನಲ್ಲಿ, ಪ್ರಾಮಾಣಿಕತೆ ಎಲ್ಲ ಆದಮೇಲೆ, ಪಕ್ಕದ ಮನೆಯಿಂದ ಇವರು ತರುವ ಬಿಸಿ ಬನ್ಸ್ ಬಗ್ಗೆಯೂ ನಾಲ್ಕು ಸಾಲು. ಮ್ಯಾನೇಜರ್ ನಿಯಮಕ್ಕಾಗಿ ಪ್ರಾಣ ಬಿಡುವಂಥ ಮನುಷ್ಯ. ಆ ಬನ್ಸ್ ಯಾರದು, ಎಲ್ಲಿಂದ ಬರುತ್ತದೆ ಎಂದು ನಾಳೆ ಹತ್ತು ಗಂಟೆಗೆ ಬಂದು ಹೇಳಬೇಕೆಂದು ಹಮೀದಾಕನಿಗೆ ಹೇಳಿಕಳಿಸಿದರು.

"ಒಂದು ಸಲ ರಿನ್ಯೂ ಆಗಿದ್ರೆ ಸಾಕಿತ್ತು ಅಕ್ಕ" ಎಂದಷ್ಟೇ ಹೇಳಿ ಹಮೀದಾಕ ಏಣಿ ಹೊತ್ತುಕೊಂಡು ಹೋದರು. ನಾನು ತಡೆಯಲಾರದೆ ಮಾರ್ಗರೆಟ್ ಮನೆಗೆ ಹೋಗಿ ಇದ್ದದ್ದು ಇದ್ದಂತೆ ಹೇಳಿಬಿಟ್ಟೆ. ಅವರು ಪೂರ್ತಿ ಕೇಳಿಸಿಕೊಂಡರು. ಇವತ್ತು ಧೂಳು ಜಾಸ್ತಿ ಅಲ್ಲವೇ ಎಂದರು. ಎರಡನೇ ಸಲವೇ ತಮಗೆ ಗೊತ್ತಾಗಿತ್ತು, ಹೇಗೆ ಕೇಳುವುದೆಂದು ತಿಳಿಯಲಿಲ್ಲ ಎಂದರು. ಆಮೇಲೆ, ಒಂದು ದೂರಿನ ಫಾರಂ ಕೊಡುತ್ತೀರಾ ಎಂದರು. ಹಮೀದಾಕನ ಮೇಲೆಯೇ ದೂರು ಎಂದುಕೊಂಡು ಫಾರಂ ಕೊಟ್ಟೆ. ಕಡ್ಡಿಯನ್ನು ಗುಡ್ಡ ಮಾಡಿದವಳು ನಾನೇ ಅನಿಸಿತು. ಅವರು ನಿಧಾನವಾಗಿ ಬರೆದು ಕೊಟ್ಟರು: ಅಡುಗೆಮನೆಯ ಫ್ಯಾನು ಸದ್ದು ಮಾಡುತ್ತಿದೆ, ಇವತ್ತು ಎರಡು ಗಂಟೆಗೆ ಹಮೀದ್ ಅವರನ್ನು ಕಳಿಸಿ, ಕೆಲಸ ಎರಡು ಗಂಟೆ ಹಿಡಿಯಬಹುದು.

ಫ್ಯಾನು ಸದ್ದು ಮಾಡುತ್ತಿರಲಿಲ್ಲ. ಹಮೀದಾಕ ಅಲ್ಲಿ ಬಾಳೆಹಣ್ಣು ಹಿಚುಕಿ, ಮೊಸರು, ಸಕ್ಕರೆ, ಜೀರಿಗೆ, ಮೈದಾ ಕಲಸುವುದನ್ನು ತೋರಿಸಿಕೊಟ್ಟು, ಹಿಟ್ಟನ್ನು ಬೆಳಿಗ್ಗೆವರೆಗೆ ಮುಟ್ಟಬೇಡಿ ಎಂದು ಹೇಳಿ ಬಂದರು. ಮರುದಿನ ಹತ್ತಕ್ಕೆ ಹಮೀದಾಕ ಮ್ಯಾನೇಜರ್ ಮುಂದೆ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದಾಗ ಮಾರ್ಗರೆಟ್ ನೀಲಿ ಅಂಚಿನ ತಟ್ಟೆಯೊಂದಿಗೆ ಒಳಗೆ ಬಂದರು. ಮೇಲೆ ಆರು ಬನ್ಸ್, ಒಂದೆರಡು ಸೀದಿದ್ದವು. ಹವಾಮಾನದ ಬಗ್ಗೆ ಎರಡು ಮಾತಾಡಿ, ತಮ್ಮ ಅಡುಗೆಮನೆಯ ಬನ್ಸ್‌ನಿಂದ ಏನೋ ತೊಂದರೆಯಾಯಿತೆಂದು ಕೇಳಿದೆ, ರುಚಿ ನೋಡಿ ಹೇಳಿ ಎಂದರು. ಅದರಲ್ಲಿ ಸುಳ್ಳಿರಲಿಲ್ಲ, ಯಾವ ದಿನದ ಬನ್ಸ್ ಎಂದು ಮಾತ್ರ ಹೇಳಲಿಲ್ಲ. ಮ್ಯಾನೇಜರ್ ಒಂದು ತಿಂದರು, ಇನ್ನೊಂದು ತಿಂದರು, "ಖಲಾಸ್" ಎಂದು ಫೈಲು ಮುಚ್ಚಿದರು. ರಿನ್ಯೂವಲ್ ಆಯಿತು. ಸತ್ಯ ತಿಳಿದ ಡೇಲ್ ನಕ್ಕು ನಕ್ಕು ಕಣ್ಣೊರೆಸಿಕೊಂಡ, ಆಮೇಲೆ ಹಮೀದಾಕನ ಕೈ ಹಿಡಿದು ಎಷ್ಟೋ ಹೊತ್ತು ಕ್ಷಮೆ ಕೇಳಿದ.

ಎರಡು ವರ್ಷದ ನಂತರ ಹಮೀದಾಕ ಊರಿಗೆ ಹೊರಟರು. ಗೇಟಿನ ಬಳಿ ಡೇಲ್ ಮತ್ತು ಮಾರ್ಗರೆಟ್ ಇಬ್ಬರೂ ಬಂದು ಆ ತಟ್ಟೆಯನ್ನು ಅವರ ಕೈಗಿಟ್ಟರು. ತಟ್ಟೆ ಖಾಲಿ ಇತ್ತು. ಹಮೀದಾಕ ಗಾಬರಿಯಿಂದ ನನ್ನ ಮುಖ ನೋಡಿದರು. ಮಾರ್ಗರೆಟ್ ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳಿದೆ: ಬೇಕೆಂದೇ ಖಾಲಿ ಕೊಟ್ಟಿದ್ದೇವೆ, ತುಂಬಿಸಿ ವಾಪಸ್ ತರದೆ ಇರಲು ನಿಮ್ಮಿಂದ ಆಗುವುದಿಲ್ಲವಲ್ಲ. ಹಮೀದಾಕ ತಟ್ಟೆಯನ್ನು ಎದೆಗೊತ್ತಿಕೊಂಡು ವ್ಯಾನು ಹತ್ತಿದರು. ನನಗೆ ಅಳು ಬಂತು, ಅತ್ತುಬಿಟ್ಟೆ.

ಹಮೀದಾಕ ವಾಪಸ್ ಬರಲಿಲ್ಲ, ಮಂಡಿನೋವು ಬಿಡಲಿಲ್ಲ. ಮಾರ್ಗರೆಟ್ ಕೂಡ ನಿವೃತ್ತರಾಗಿ ಇಂಗ್ಲೆಂಡಿಗೆ ಹೋದರು. ಕಳೆದ ತಿಂಗಳು ಬೆಳಿಗ್ಗೆ ನರ್ಸ್ ಉಡುಪಿನ ಹುಡುಗಿಯೊಬ್ಬಳು ನನ್ನ ಕಿಟಕಿಯ ಮುಂದೆ ನಿಂತು, ತಾನು ಹಮೀದ್ ಅವರ ಮಗಳು, ಇಲ್ಲಿನ ಆಸ್ಪತ್ರೆಗೆ ಸೇರಿ ವಾರವಾಯಿತು ಎಂದಳು. ಚೀಲದಿಂದ ನೀಲಿ ಅಂಚಿನ ತಟ್ಟೆ ತೆಗೆದಳು. ಅದರಲ್ಲಿ ಮೂರು ಬನ್ಸ್. ಡೇಲ್ ಓಡಿಬಂದು ಮೊದಲು ಮಾರ್ಗರೆಟ್‌ಗೆ ಫೋಟೊ ಕಳಿಸಿ, ಆಮೇಲೆ ತನ್ನದನ್ನೂ ಅವರ ಪಾಲನ್ನೂ ತಿಂದ. ನೋಡಲು ಪರವಾಗಿಲ್ಲ ಎಂದು ಅವರ ಉತ್ತರ ಬಂತು. ಮಾರ್ಗರೆಟ್ ಅದಕ್ಕಿಂತ ಹೆಚ್ಚು ಹೊಗಳಿದ್ದನ್ನು ನಾವ್ಯಾರೂ ಕೇಳಿಲ್ಲ.

ಹೊರಡುವಾಗ ಹುಡುಗಿ ಸಂಕೋಚದಿಂದ, "ಪ್ಲೇಟ್ ನಿಮ್ಮ ಹತ್ರವೇ ಇರ್ಲಿ ಅಂತ ಬಾಪ ಹೇಳಿದ್ದಾರೆ" ಎಂದಳು. ಹಾಗೆ ಹೇಗೆ ಇಟ್ಟುಕೊಳ್ಳಲಿ? ತೊಳೆದು, ಮಧ್ಯಾಹ್ನಕ್ಕೆಂದು ತಂದಿದ್ದ ನಾಲ್ಕು ಕಟಕು ರೊಟ್ಟಿ ಅದರ ಮೇಲಿಟ್ಟು ಕಟ್ಟಿ, ಊರಿಗೆ ಹೋಗುವವರ ಕೈಯಲ್ಲಿ ನಿಮ್ಮ ತಂದೆಗೆ ಕಳಿಸವ್ವಾ ಎಂದು ಕೊಟ್ಟೆ. ಅವಳು ಗೇಟು ದಾಟಿದ ಮೇಲೆ ನೆನಪಾಯಿತು, ಹಮೀದಾಕನ ಹಲ್ಲು ಈಗ ಹೇಗಿವೆ ಎಂದು ಕೇಳುವುದನ್ನೇ ಮರೆತಿದ್ದೆ.