ಉಪ್ಪು ನೋಡುವ ಕುಬೇರಪ್ಪ

ಗಂಗಾವತಿ ಸುತ್ತಮುತ್ತ ಹಂದಿ ಸಾಕುವ ಮಂದಿಯ ಮನೆಗಳಲ್ಲಿ ಮದುವೆಯಾಗಲಿ, ತಿಥಿಯಾಗಲಿ, ಮಾಂಸದ ಗಡಿಗೆ ಒಲೆಯಿಂದ ಇಳಿಯುವ ಮುಂಚೆ ಕುಬೇರಪ್ಪನನ್ನು ಕರೆಯುತ್ತಿದ್ದರು. ಅವನು ಬಂದು, ಅಂಗೈಗೆ ಒಂದಿಷ್ಟು ರಸ ಹಾಕಿಸಿಕೊಂಡು ನೆಕ್ಕಿ, ಕಣ್ಣು ಮುಚ್ಚಿ ನಿಂತು, ಆಮೇಲೆ ‘ಇಳಸ್ರಿ’ ಅನ್ನಬೇಕು. ಅಲ್ಲಿಯವರೆಗೆ ಮದುಮಗನ ಅಪ್ಪನೂ ಹಸಿದುಕೊಂಡೇ ಕೂರಬೇಕು. ಸಿದ್ದಾಪುರ, ಕನಕಗಿರಿ, ಅತ್ತ ಯಲಬುರ್ಗಾ ಕಡೆಯ ಮಂಗಳೂರಿನವರೆಗೂ ಅವನಿಗೆ ‘ಉಪ್ಪು ನೋಡುವ ಕುಬೇರಪ್ಪ’ ಎಂದೇ ಹೆಸರು. ಇದಕ್ಕೆ ಅವನು ಯಾರ ಹತ್ತಿರವೂ ಒಂದು ಪೈಸೆ ಮುಟ್ಟುತ್ತಿರಲಿಲ್ಲ. ಆದರೆ ಟವೆಲ್ಲು ಹೆಗಲಿಗೇರಿಸಿಕೊಂಡು ಹೊರಡುವಾಗಿನ ಅವನ ಗತ್ತು ನೋಡಬೇಕಿತ್ತು; ತಹಶೀಲ್ದಾರ ಕೂಡ ಜೀಪಿನಿಂದ ಹಾಗೆ ಇಳಿಯುವುದಿಲ್ಲ.

ನಾನು ನೂರಸಾಬ. ಮೂರು ಗಾಲಿಯ ಗೂಡ್ಸ್ ಗಾಡಿ ಇಟ್ಟುಕೊಂಡಿದ್ದೇನೆ. ರೈಸ್ ಮಿಲ್ಲುಗಳಿಂದ ತೌಡು ಹೇರಿಕೊಂಡು ಹಂದಿ ಸಾಕುವವರ ಓಣಿಗೆ ಹಾಕುವುದು ನನ್ನ ದಂಧೆ. ಹಾಗೆ ಪರಿಚಯವಾದವನು ಕುಬೇರಪ್ಪ. ಅವನ ಮನೆಯಲ್ಲಿ ನಾನು ಚಹಾ ಬಿಟ್ಟು ಬೇರೇನೂ ಬಾಯಿಗಿಟ್ಟವನಲ್ಲ, ಅವನೂ ಒತ್ತಾಯ ಮಾಡಿದವನಲ್ಲ. ನನಗೆಂದೇ ಒಂದು ಹೊಸ ಕಪ್ಪು ತಂದು ಬೇರೆ ಎತ್ತಿಟ್ಟಿದ್ದಳು ಅವನ ಹೆಂಡತಿ ಮುದುಕವ್ವ. ನಮ್ಮ ಮನೆಯಾಕೆ ಮಾತ್ರ ‘ಜಗತ್ತಿನ್ಯಾಗ ನಿಮಗ ಬ್ಯಾರೆ ದೋಸ್ತ ಸಿಗಲಿಲ್ಲೇನ್ರಿ?’ ಎಂದು ಇವತ್ತಿಗೂ ಕೇಳುತ್ತಾಳೆ. ಸಿಗಲಿಲ್ಲ, ಏನು ಮಾಡುವುದು.

ಹೋದ ದಸರೆ ಹೊತ್ತಿಗೆ ಅವನ ನಾಲಿಗೆಯ ಅಂಚಿನಲ್ಲಿ ಒಂದು ಹುಣ್ಣಾಯಿತು. ತಂಬಾಕಿಗೆ ಸುಣ್ಣ ಹಚ್ಚಿ ತಿಕ್ಕಿ ದವಡೆಗಿಟ್ಟುಕೊಳ್ಳುವ ಚಟ ಅವನಿಗೆ ಮೀಸೆ ಮೂಡುವ ಮುಂಚಿನಿಂದ ಇತ್ತು. ಸುಣ್ಣ ಸುಟ್ಟಿದೆ ಅಂದ. ಊರ ಮಂದಿಯ ಕಣ್ಣೆಲ್ಲ ಗಂಡನ ನಾಲಿಗೆಯ ಮೇಲೇ ಇದೆ ಎಂದು ಮುದುಕವ್ವ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಹುಣ್ಣು ಮಾಯಲಿಲ್ಲ. ಕೊನೆಗೆ ನಾನೇ ಬೈದು, ಗಾಡಿಗೆ ಹತ್ತಿಸಿಕೊಂಡು ಕೊಪ್ಪಳದ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರು ಹುಣ್ಣಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಮುಂದಿನ ವಾರ ಹೋದಾಗ ಕ್ಯಾನ್ಸರ್ ಅಂದರು. ‘ಈಗ ನಾಲಿಗೆಯ ಒಂದು ಬದಿ ತೆಗೆದರೆ ಸಾಕು, ಉಳಿಯುತ್ತೀಯ. ಹುಬ್ಬಳ್ಳಿಗೆ ಹೋಗಬೇಕು. ತಡ ಮಾಡಬೇಡ’ ಎಂದು ಎರಡೆರಡು ಸಲ ಹೇಳಿದರು.

ಅವನು ತಡ ಮಾಡಿದ. ‘ಸಾಬ, ರುಚಿ ಹತ್ತಾಕ ಹತ್ತೈತಿ. ಹುಳಿ ಹುಳಿ ಅಂತ ತಿಳೀತೈತಿ, ಖಾರ ಖಾರ ಅಂತ ತಿಳೀತೈತಿ. ರುಚಿ ಹತ್ತೂ ನಾಲಿಗಿ ಜೀವಂತ ಐತಿ ಅಂದಂಗಲ್ಲೇನು? ಜೀವ ಇದ್ದದ್ದನ್ನ ಯಾಕ ಕೊಯ್ಸಲಿ?’ ಅನ್ನುತ್ತಿದ್ದ. ಬೇರೆ ಯಾರಾದರೂ ಹೀಗಂದಿದ್ದರೆ ಮುದುಕವ್ವ ಪೊರಕೆ ಹಿಡಿಯುತ್ತಿದ್ದಳು. ಆದರೆ ಹೇಳಿದವನು ಉಪ್ಪು ನೋಡುವ ಕುಬೇರಪ್ಪ. ಆ ಓಣಿಯಲ್ಲಿ ಅವನ ನಾಲಿಗೆಯ ಮಾತಿಗೆ ಎದುರಾಡಿದವರೇ ಇಲ್ಲ. ಅವಳು ದಿನಾ ಏನಾದರೂ ರುಚಿ ಮಾಡಿ ಬಡಿಸುವಳು, ಅವನು ಉಂಡು ‘ಸಮಾ ಐತಿ’ ಅನ್ನುವನು, ಅವಳು ನೆಮ್ಮದಿಯಿಂದ ಮಲಗುವಳು. ನಾನು ಹುಬ್ಬಳ್ಳಿ ಹುಬ್ಬಳ್ಳಿ ಎಂದು ಬಡಕೊಂಡೆ. ನನ್ನ ಮಾತು ಯಾರಿಗೆ ಬೇಕಿತ್ತು?

ಸಂಕ್ರಾಂತಿ ಕಳೆಯುವಷ್ಟರಲ್ಲಿ ಅವನ ಕೆನ್ನೆ ಒಳಗೆ ಹೋಗಿತ್ತು, ಅಂಗಿ ಹ್ಯಾಂಗರಿಗೆ ತೂಗುಹಾಕಿದ ಹಾಗೆ ಕಾಣುತ್ತಿತ್ತು. ಆಗ ಮುದುಕವ್ವನಿಗೆ ಸಂಶಯ ಹೊಕ್ಕಿತು. ಅದೇ ಹೊತ್ತಿಗೆ ಸಾಣಾಪುರ ಕೆರೆಯ ಕಡೆ ಒಂದು ರೆಸಾರ್ಟಿನವರು ಬೇಕನ್ ಮತ್ತು ಬಿಯರ್ ಹಬ್ಬ ಅಂತ ಇಟ್ಟುಕೊಂಡರು. ಹಂದಿ ಮಾಂಸವನ್ನು ಉಪ್ಪಿನಲ್ಲಿ ಊರಿಸಿ, ಹೊಗೆ ಹಾಕಿ, ತೆಳ್ಳಗೆ ಕೊಯ್ದದ್ದಕ್ಕೆ ಬೇಕನ್ ಅನ್ನುತ್ತಾರಂತೆ. ಹಬ್ಬಕ್ಕೆಂದು ಕುಬೇರಪ್ಪನ ಎರಡು ಹಂದಿಗಳನ್ನೂ ಕೊಂಡಿದ್ದರು, ಖುಷಿಗೆ ಇಬ್ಬರು ಬರಬಹುದು ಎಂದು ಎರಡು ಪಾಸು ಕೊಟ್ಟಿದ್ದರು.

ಮುದುಕವ್ವ ನನ್ನೆದುರಿಗೇ ಗಂಡನಿಗೆ ಹೇಳಿದಳು: ‘ನಮ್ಮ ಮನಿ ಅಡಿಗಿ ನಿನಗ ಕಣ್ಣ ಮುಚ್ಚಿದರೂ ಗೊತ್ತೈತಿ. ಅಲ್ಲಿ ಹೋಗಿ ನೋಡು. ನೀ ಎಂದೂ ತಿನ್ನದ ಪದಾರ್ಥ ಇರ್ತಾವು. ಎಲ್ಲಾದರ ರುಚಿ ಬರೋಬ್ಬರಿ ಹೇಳಿದಿ ಅಂದ್ರ ನಾ ಹುಬ್ಬಳ್ಳಿ ಹೆಸರು ತಗೊಳ್ಳಂಗಿಲ್ಲ. ಒಂದ ತಪ್ಪಿದರೂ ಸೋಮವಾರ ರೈಲು ಹತ್ತಬೇಕು.’

‘ಆತು’ ಅಂದ ಅವನು.

‘ಸಾಬಣ್ಣ ಸಾಕ್ಷಿ. ಅಂವ ಸುಳ್ಳ ಹೇಳೂದಿಲ್ಲ.’

‘ತಂಗೀ, ನಾನು ಮುಟ್ಟದ ಪದಾರ್ಥ ಅದು. ಅದರ ರುಚಿಗೆ ನಾನೆಂಥಾ ಸಾಕ್ಷಿ?’ ಅಂದೆ.

‘ನೀ ತಿನಬ್ಯಾಡ. ಅಂವ ಹೇಳಿದ ಮ್ಯಾಲೆ ಅಂಗಡಿಯವರನ್ನ ಕೇಳು, ಅಷ್ಟ.’

ಹೀಗೆ ಐದು ಹೊತ್ತಿನ ನಮಾಜು ಬಿಡದ ನಾನು ಹಂದಿ-ಬಿಯರ್ ಹಬ್ಬಕ್ಕೆ ಹೋದೆ. ಗೇಟಿನಲ್ಲಿ ಒಬ್ಬ ನನ್ನ ಮಣಿಕಟ್ಟಿಗೂ ಹಳದಿ ಪಟ್ಟಿ ಕಟ್ಟಿದ. ಗಡ್ಡ ನೋಡಿ ಅವನಿಗೂ ಸ್ವಲ್ಪ ಗಾಬರಿಯಾಯಿತು. ಒಳಗೆ ಬಂಡೆಗಳ ನಡುವೆ ಶಾಮಿಯಾನ, ಹಾಡು, ನೀರು ನೋಡುತ್ತ ಗ್ಲಾಸು ಹಿಡಿದು ನಿಂತ ಹುಡುಗ ಹುಡುಗಿಯರು. ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. ಕುಬೇರಪ್ಪ ನನ್ನನ್ನು ನೋಡಿ ನಕ್ಕ. ‘ಸಾಬ, ಹಾರಿ ಬಾಯಾಗ ಬೀಳೂದಿಲ್ಲ, ಸಡಿಲ ಬಿಡು’ ಅಂದ. ಬಹಳ ದಿನಗಳ ಮೇಲೆ ಅವನು ನಕ್ಕಿದ್ದು ಕಂಡು ನನಗೂ ಹಗುರಾಯಿತು.

ಮೊದಲ ಅಂಗಡಿಯಲ್ಲಿ ಕರಿಮೆಣಸು ಹಚ್ಚಿದ ಬೇಕನ್ ಪಟ್ಟಿ. ಬಾಯಿಗಿಟ್ಟು, ಕಣ್ಣು ಮುಚ್ಚಿ, ‘ಮೆಣಸು, ಹೊಗಿ, ಉಪ್ಪು ತುಸು ಜಾಸ್ತಿ’ ಅಂದ. ಅಂಗಡಿಯವನು ಹೌದೆಂದು ತಲೆಯಾಡಿಸಿದ. ಮುಂದಿನದು ಕರಿಬೇವಿನ ಪುಡಿಯದು, ಅದೂ ಸರಿಹೋಯಿತು. ಇನ್ನೊಂದು ಬೆಳ್ಳುಳ್ಳಿಯದು, ಅದೂ ಸರಿ. ನನ್ನ ಎದೆಯೊಳಗೆ ಒಂದು ಆಸೆ ಎದ್ದಿತು. ಹುಬ್ಬಳ್ಳಿ ಹುಬ್ಬಳ್ಳಿ ಎಂದು ನಾನೇ ಸುಮ್ಮನೆ ಹೆದರಿಸಿದೆನೇನೋ ಅನಿಸಿತು.

ನಾಲ್ಕನೆಯ ಅಂಗಡಿಯಲ್ಲಿ ಶ್ವೇತಾ ಎಂಬ ಹುಡುಗಿ, ಕೊರಳಲ್ಲಿ ಹೆಸರಿನ ಬಿಲ್ಲೆ. ಅವಳ ತಟ್ಟೆಯಲ್ಲಿದ್ದ ತುಂಡುಗಳು ಕೆಂಪಗೆ ಹೊಳೆಯುತ್ತಿದ್ದವು. ಕುಬೇರಪ್ಪ ಒಂದನ್ನು ಜಗಿದು, ನುಂಗಲು ಸ್ವಲ್ಪ ಒದ್ದಾಡಿ, ‘ಬ್ಯಾಡಗಿ ಮೆಣಸಿನಕಾಯಿ. ಖಾರ ಜಬರ್ದಸ್ತ್ ಐತಿ’ ಅಂದ.

‘ಇಲ್ಲ ಅಂಕಲ್’ ಅಂದಳು ಹುಡುಗಿ, ‘ಇದರಲ್ಲಿ ಖಾರಾನೇ ಇಲ್ಲ. ಬೆಲ್ಲದ ಪಾಕ, ಬಣ್ಣಕ್ಕೆ ಬೀಟ್‌ರೂಟ್. ಮಕ್ಕಳಿಗೆ ಅಂತಲೇ ಮಾಡಿದ್ದು.’

ಅವನು ಇನ್ನೊಂದು ತುಂಡು ಎತ್ತಿಕೊಂಡ. ಮತ್ತೊಂದು. ಅವಳು ನಗುತ್ತ ಪಕ್ಕದ ಗ್ಲಾಸು ಮುಂದೆ ತಳ್ಳಿದಳು. ಕುಡಿದು ‘ಕಹಿ’ ಅಂದ. ಅದು ಮಾವಿನ ಹಣ್ಣಿನ ಬಿಯರು, ಸಿಹಿ ಎಂದು ಅವಳು ಮೆಲ್ಲಗೆ ಹೇಳಿದಳು. ಅಷ್ಟರಲ್ಲಿ ಅವಳ ನಗು ಹೋಗಿತ್ತು. ನನಗೆ ಆಗ ತಿಳಿಯಿತು. ಮೊದಲ ಮೂರನ್ನೂ ಅವನು ಮೂಗಿನಿಂದ, ಕಣ್ಣಿನಿಂದ, ಅಂದಾಜಿನಿಂದ ಹೇಳಿದ್ದ.

ಕೈ ಹಿಡಿದು ನೀರಿನ ದಂಡೆಗೆ ಕರೆದೊಯ್ದು ಒಂದು ಬಂಡೆಯ ಮೇಲೆ ಕೂರಿಸಿದೆ. ‘ಎಂದಿನಿಂದ?’ ಅಂತ ಕೇಳಿದೆ.

‘ದೀಪಾವಳಿ ಮುಂದ ಹ್ವಾದದ್ದು. ಏನ ಇಟ್ಟರೂ ಮಣ್ಣು ತಿಂದಂಗ. ಇಲ್ಲಿ ಹೊಸಾ ಪದಾರ್ಥ ಅದಾವಲ್ಲ, ಒಂದಾದರೂ ಹತ್ತೀತೇನೋ ಅಂತ ಬಂದೆ.’

‘ಮಗನ, ನಮಗೆಲ್ಲ ಹತ್ತತೈತಿ ಹತ್ತತೈತಿ ಅಂತ ಮಣ್ಣ ಮುಕ್ಕಿಸಿದಿ!’

‘ಬೈ, ಎಷ್ಟರ ಬೈ. ಮುದುಕವ್ವಗ ಮಾತ್ರ ಹೇಳಬ್ಯಾಡ.’ ಅವನು ನನ್ನ ತೋಳು ಹಿಡಿದ. ‘ಸಾಬ, ನನಗ ಹೊಲ ಇಲ್ಲ, ಓದಿಲ್ಲ. ಹಂದಿ ಕಾಯಾಂವ ಅಂತ ಚಾದಂಗಡ್ಯಾಗ ದೂರ ಕುಂದ್ರಸ್ತಾರ. ನಮ್ಮ ಮಂದ್ಯಾಗ ನಾನೂ ಒಬ್ಬ ಅನ್ನಿಸ್ಕೊಂಡಿದ್ದು ಈ ನಾಲಿಗಿಂದ. ಅದ ಹ್ವಾದ ಮ್ಯಾಲೆ ನನ್ನ ಯಾರು ಕರೀತಾರ?’

ನನಗೆ ಅಳು ಬಂತು, ಸಿಟ್ಟೂ ಬಂತು. ‘ಯಾರು ಕರದರ ಎಷ್ಟು, ಬಿಟ್ಟರ ಎಷ್ಟು. ನಾ ಹೇಳಾಂವನ’ ಎಂದೆ. ಅವನನ್ನು ಗಾಡಿಗೆ ಹತ್ತಿಸಿಕೊಂಡು ಹೊರಟೆ. ರಸ್ತೆಯ ಎರಡೂ ಬದಿ ಭತ್ತದ ನಾಟಿ ನಡೆದಿತ್ತು, ಹೆಂಗಸರು ಯಾರನ್ನೋ ಚೇಷ್ಟೆ ಮಾಡಿ ನಗುತ್ತಿದ್ದರು.

ಮನೆಯಲ್ಲಿ ಮುದುಕವ್ವ ಹಿರಿಯರಿಗೆ ಎಡೆ ಹಿಡಿಯಲು ಅಡಿಗೆ ಮಾಡಿಟ್ಟಿದ್ದಳು. ಗಂಡನ ನಾಲಿಗೆ ಕಾಯಲಿ ಎಂದು ಹರಕೆ. ಎಡೆಯ ಅಡಿಗೆ ಅಂದರೆ ಮೀಸಲು. ಮಾಡುವವಳು ಅದರ ಉಪ್ಪು ನೋಡುವಂತಿಲ್ಲ, ಕುದಿಯುವಾಗ ಮೂಸುವಂತೆಯೂ ಇಲ್ಲ. ಮೊದಲು ಹಿರಿಯರಿಗೆ, ಆಮೇಲೆ ಮನೆಯ ಗಂಡಸಿಗೆ, ಅವನು ಉಂಡ ತಟ್ಟೆಯಲ್ಲೇ ಹೆಂಡತಿಗೆ. ಅವರ ಪದ್ಧತಿ ಹಾಗೆ. ನಾನು ಹೊಸ್ತಿಲಲ್ಲೇ ನಿಂತು ‘ತಂಗೀ, ಒಂದು ಮಾತು’ ಅಂದೆ. ‘ಉಣ್ಲಿ ತಡಿ ಅಣ್ಣ, ಆಮ್ಯಾಲ ಹೇಳೀಯಂತ’ ಎಂದು ನನಗೆ ಚಹಾ ಕೊಟ್ಟು, ಎಡೆ ಹಿಡಿದು ಕೈ ಮುಗಿದು, ಗಂಡನಿಗೆ ಬಡಿಸಿದಳು.

ಕುಬೇರಪ್ಪ ನನ್ನ ಕಡೆ ಒಮ್ಮೆ ನೋಡಿ ಉಣ್ಣತೊಡಗಿದ. ನುಂಗಲು ಕಷ್ಟವಾದರೂ ತಟ್ಟೆಯ ಅರ್ಧ ಉಂಡ. ‘ಉಪ್ಪು ಖಾರ ಸಮಾ ಐತಿ. ಹಿರೇರು ಸಂತೋಷ ಆಗ್ತಾರ’ ಎಂದು ಕೈ ತೊಳೆದ. ಮುದುಕವ್ವನ ಮುಖ ಅರಳಿತು. ಹಬ್ಬದಲ್ಲಿ ಏನಾಯಿತು ಎಂದು ನನ್ನನ್ನು ಕೇಳುವುದನ್ನೂ ಮರೆತು, ಅವನ ತಟ್ಟೆ ಎಳೆದುಕೊಂಡು ತುತ್ತು ಬಾಯಿಗಿಟ್ಟಳು.

ಜಗಿಯುವುದು ನಿಂತಿತು. ಇನ್ನೊಂದು ತುತ್ತು ಇಟ್ಟುಕೊಂಡು ನೋಡಿದಳು. ಆಮೇಲೆ ಗಂಡನ ಕಡೆ ತಿರುಗಿದಳು.

‘ನಾ ಉಪ್ಪ ಹಾಕಿಲ್ಲ’ ಅಂದಳು. ‘ಮುಂಜಾನಿಂದ ಜೀವ ಜಾಗಾದಾಗ ಇದ್ದಿಲ್ಲ, ಮರತೀನಿ. ಒಂದು ಹರಳು ಉಪ್ಪಿಲ್ಲ ಇದರಾಗ.’

ಅವನು ತಲೆ ತಗ್ಗಿಸಿದ. ಅವಳು ನನ್ನನ್ನು ನೋಡಿದಳು. ಹೌದು ಎಂದು ನಾನು ತಲೆಯಾಡಿಸಿದೆ. ‘ದಿನಾ ಉಂಡು ಸಮಾ ಐತಿ, ಸಮಾ ಐತಿ ಅಂತಿದ್ದಿ’ ಎಂದಳು. ‘ನಾ ನಂಬಿದ್ದೆ ನಿನ್ನ.’ ಆಮೇಲೆ ಆ ತಟ್ಟೆಯನ್ನು ಹಾಗೇ ಮಡಿಲಲ್ಲಿಟ್ಟುಕೊಂಡು ಕೂತಳು, ಸಾರು ಸೀರೆಗೆ ಇಳಿದರೂ ಏಳಲಿಲ್ಲ.

ಸೋಮವಾರ ಮೂವರೂ ಹುಬ್ಬಳ್ಳಿಗೆ ಹೋದೆವು. ಅಲ್ಲಿಯ ಡಾಕ್ಟರು ಬಾಯೊಳಗೆ ಬೆಳಕು ಬಿಟ್ಟು ನೋಡಿ, ಕುತ್ತಿಗೆ ಒತ್ತಿ ನೋಡಿ, ದೊಡ್ಡ ಮಿಷಿನ್ನಿನೊಳಗೆ ಮಲಗಿಸಿ ಚಿತ್ರ ತೆಗೆಸಿದರು. ದಸರೆಯ ಹೊತ್ತಿಗೇ ಬಂದಿದ್ದರೆ ಒಂದು ಬದಿ ತೆಗೆದು ಉಳಿಸಬಹುದಿತ್ತು, ಈಗ ಗಂಟಲಿಗೂ ಎದೆಗೂ ಇಳಿದಿದೆ, ಕೊಯ್ದು ಪ್ರಯೋಜನವಿಲ್ಲ ಎಂದರು. ನೋವಿಗೆ ಗುಳಿಗೆ ಬರೆದುಕೊಟ್ಟರು. ನಾಲಿಗೆ ಕೊಯ್ಯುವುದು ಬೇಡ ಎಂದು ಅಷ್ಟು ಹಟ ಮಾಡಿದ್ದ ಕುಬೇರಪ್ಪ ‘ಕೊಯ್ದ ಬಿಡ್ರಿ, ಎಲ್ಲಾ ಕೊಯ್ದ ಬಿಡ್ರಿ ಸಾಹೇಬ್ರ’ ಎಂದು ಕೈ ಮುಗಿದ. ಡಾಕ್ಟರು ಅವನ ಮುಗಿದ ಕೈಯನ್ನು ಹಿಡಿದು ಕೆಳಗಿಳಿಸಿದರು.

ಸಂಜೆಯ ರೈಲಿನಲ್ಲಿ ಜಾಗ ಸಿಕ್ಕಿತು. ಗದಗ ದಾಟಿತು. ಮುದುಕವ್ವ ಯಾವಾಗಿನ ದನಿಯಲ್ಲೇ, ‘ಮನಿಗೆ ಹ್ವಾದ ಮ್ಯಾಲೆ ಏನ ಮಾಡ್ಲಿ ಉಣ್ಣಾಕ?’ ಎಂದು ಗಂಡನನ್ನು ಕೇಳಿದಳು.

ಅವನು ಕಿಟಕಿಯಿಂದ ತಿರುಗಿ ಅವಳನ್ನು ನೋಡಿದ.

‘ಏನರ ಮಾಡು’ ಅಂದ. ‘ನನಗ ಏನೂ ಹತ್ತೂದಿಲ್ಲ.’

ಮುದುಕವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ಅಳತೊಡಗಿದಳು. ಅವನು ಅವಳ ಮೊಣಕಾಲಿನ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದ, ಕೊಪ್ಪಳ ಬರುವವರೆಗೂ ತೆಗೆಯಲಿಲ್ಲ.